ಟ್ರೇಲರಿನ ಪ್ರೊಪೇನ್ ಫರ್ನೇಸ್: ಆರು ಚಳಿಗಾಲ ಬಳಸಿದ ಮೇಲೆ

ನಾವಿರುವುದು ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್ ಹತ್ತಿರ. 2019ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟ್ರಾವೆಲ್ ಟ್ರೇಲರ್ ಕೊಂಡೆವು. 24 ಅಡಿ ಉದ್ದ, ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಒಳಗೆ ಒಲೆ, ಬಚ್ಚಲು, ನಾಲ್ಕು ಜನ ಮಲಗುವಷ್ಟು ಜಾಗ. ಸಿಂಕಿನ ಕೆಳಗೆ ಒಂದು ಪ್ರೊಪೇನ್ ಫರ್ನೇಸ್, ಅಂದರೆ ಪ್ರೊಪೇನ್ ಗ್ಯಾಸ್ ಉರಿಸಿ ಒಳಗೆ ಬಿಸಿಗಾಳಿ ಊದುವ ಹೀಟರ್. ಅದರ ಶಕ್ತಿ ಗಂಟೆಗೆ 30,000 ಬಿಟಿಯು (ಬಿಟಿಯು ಅಂದರೆ ಶಾಖದ ಒಂದು ಅಳತೆ). ಸೆಪ್ಟೆಂಬರ್ ಕಳೆದ ಮೇಲೆ ಇಲ್ಲಿಯ ಬೆಟ್ಟಗಳಲ್ಲಿ ರಾತ್ರಿ ತಂಗಬೇಕಾದರೆ ಇದು ಬೇಕೇ ಬೇಕು.

ಆರು ಚಳಿಗಾಲದಲ್ಲಿ ನಾಲ್ಕು ಸಲ ಕೈಕೊಟ್ಟಿತು. ಒಂದು ಸಲವೂ ತಪ್ಪು ಫರ್ನೇಸಿನದಾಗಿರಲಿಲ್ಲ. ಅದಕ್ಕೆ ಸೇರಬೇಕಾದ ಕರೆಂಟು, ಗಾಳಿ, ಗ್ಯಾಸು, ಈ ಮೂರರಲ್ಲಿ ಯಾವುದೋ ಒಂದು ಸರಿಯಾಗಿ ಸೇರುತ್ತಿರಲಿಲ್ಲ ಅಷ್ಟೇ. ಇದು ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಇದರ ಸದ್ದು ಕಲಿತುಕೊಳ್ಳಿ. ಎಷ್ಟು ಬಿಸಿ ಬೇಕು ಅಂತ ಗೊತ್ತುಮಾಡುವ ಥರ್ಮೋಸ್ಟಾಟ್ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ಫ್ಯಾನ್ ಗುಂಯ್ ಎಂದು ಶುರುವಾಗುತ್ತೆ. ಹದಿನೈದು ಇಪ್ಪತ್ತು ಸೆಕೆಂಡ್ ಬರೀ ಫ್ಯಾನು. ಒಳಗೆ ಉಳಿದ ಗ್ಯಾಸ್ ಇದ್ದರೆ ಹೊರಗೆ ಹೋಗಲಿ ಅಂತ ಈ ವ್ಯವಸ್ಥೆ. ಆಮೇಲೆ ಟಕ್ ಎಂದು ಗ್ಯಾಸ್ ವಾಲ್ವ್ ತೆರೆಯುತ್ತೆ, ಜೊತೆಗೇ ಟಿಕ್ ಟಿಕ್ ಟಿಕ್ ಎಂದು ಕಿಡಿ, ಕೊನೆಗೆ ಭುಸ್. ಆ ಭುಸ್ ಕೇಳಿದರೆ ಉರಿ ಹತ್ತಿತು ಅಂತ ಅರ್ಥ. ಸದ್ದು ಎಲ್ಲಿಗೆ ಬಂದು ನಿಂತಿತು ಅನ್ನುವುದನ್ನು ಗಮನಿಸಿದರೆ ಅರ್ಧ ರಿಪೇರಿ ಆದಂತೆ.

ಮೊದಲ ಸಲ ಕೈಕೊಟ್ಟಿದ್ದು ಗ್ರೇಟ್ ಸ್ಯಾಂಡ್ ಡ್ಯೂನ್ಸ್ ನ್ಯಾಷನಲ್ ಪಾರ್ಕಿನಲ್ಲಿ, ಅಕ್ಟೋಬರ್ ತಿಂಗಳು. ಸುಮಾರು 2,500 ಮೀಟರ್ ಎತ್ತರದ ಜಾಗ. ಆ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟ್ ಕನೆಕ್ಷನ್ ಇಲ್ಲ. ಹಾಸನದಿಂದ ಅಮ್ಮ ಬಂದಿದ್ದರು. ರಾತ್ರಿ ಮೂರು ಗಂಟೆಗೆ "ಏನೋ ಮಗಾ, ಬರೀ ತಣ್ಣನೆ ಗಾಳಿ ಬರ್ತಿದೆಯಲ್ಲೋ" ಎಂದು ಎಬ್ಬಿಸಿದರು. ಎರಡು ರಗ್ಗು ಹೊದ್ದು, ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದರು. ಫ್ಯಾನ್ ತಿರುಗುತ್ತಿತ್ತು. ಆದರೆ ಟಕ್ ಇಲ್ಲ, ಟಿಕ್ ಟಿಕ್ ಇಲ್ಲ.

ಫರ್ನೇಸಿನೊಳಗೆ ಸೇಲ್ ಸ್ವಿಚ್ ಅಂತ ಒಂದಿದೆ. ತೆಳ್ಳನೆಯ ಒಂದು ತಗಡು, ಫ್ಯಾನಿನ ಗಾಳಿ ಜೋರಾಗಿ ಬಡಿದರೆ ಮಾತ್ರ ಅದು ಸರಿದು ಸ್ವಿಚ್ಚನ್ನು ಒತ್ತುತ್ತೆ. ಗಾಳಿ ಸಾಲದು ಅನ್ನಿಸಿದರೆ ಬೋರ್ಡ್, ಅಂದರೆ ಫರ್ನೇಸನ್ನು ನಡೆಸುವ ಎಲೆಕ್ಟ್ರಾನಿಕ್ ಸರ್ಕ್ಯೂಟ್, ಗ್ಯಾಸ್ ಬಿಡುವುದೇ ಇಲ್ಲ. ಫ್ಯಾನ್ ಓಡುವುದು 12 ವೋಲ್ಟ್ ಬ್ಯಾಟರಿಯಿಂದ, ಏಳೆಂಟು ಆಂಪ್ಸ್ ಎಳೆಯುತ್ತೆ. ಮಲ್ಟಿಮೀಟರ್ ಹಚ್ಚಿ ನೋಡಿದೆ. ಫ್ಯಾನ್ ತಿರುಗುವಾಗ 10.2 ವೋಲ್ಟ್. ಸಂಜೆಯಿಂದ ದೀಪ, ಫೋನ್ ಚಾರ್ಜಿಂಗ್, ಅದರ ಮೇಲೆ ಆ ಚಳಿ. ಲೆಡ್ ಆಸಿಡ್ ಬ್ಯಾಟರಿ ಚಳಿಯಲ್ಲಿ ಮೊದಲೇ ಸೋತಿರುತ್ತೆ. ಫ್ಯಾನಿನ ಸದ್ದು ಎಂದಿಗಿಂತ ಮಂದವಾಗಿತ್ತು, ಅದನ್ನು ನಾನು ಗಮನಿಸಿರಲಿಲ್ಲ.

ಅಷ್ಟು ಹೊತ್ತಿನಲ್ಲಿ ಜನರೇಟರ್ ಹಾಕುವಂತಿಲ್ಲ. ಟ್ರಕ್ಕಿನ ಬ್ಯಾಟರಿಯಿಂದ ಜಂಪರ್ ಕೇಬಲ್ ಎಳೆದು ಟ್ರೇಲರಿನ ಬ್ಯಾಟರಿಗೆ ಕೊಟ್ಟೆ. ಫ್ಯಾನಿನ ದನಿ ಅಲ್ಲೇ ಏರಿತು. ಟಕ್, ಟಿಕ್ ಟಿಕ್, ಭುಸ್. ಅಮ್ಮ ಒಳಗಿನಿಂದಲೇ "ಬಂತು ಕಣೋ, ಬಿಸಿ ಬಂತು" ಅಂದರು. ಇಪ್ಪತ್ತು ನಿಮಿಷ ಬಿಟ್ಟು ಕೇಬಲ್ ತೆಗೆದೆ, ಇಲ್ಲದಿದ್ದರೆ ಬೆಳಗ್ಗೆ ಟ್ರಕ್ಕೂ ಸ್ಟಾರ್ಟ್ ಆಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಲಿಥಿಯಂ ಬ್ಯಾಟರಿ ಹಾಕಿಸಿದೆ, 100 ಆಂಪ್ ಅವರ್. ಅದರ ಒಂದು ಸೂಕ್ಷ್ಮ ನೆನಪಿಡಿ: ಸೊನ್ನೆ ಡಿಗ್ರಿಗಿಂತ ಕೆಳಗೆ ಅದಕ್ಕೆ ಚಾರ್ಜ್ ಮಾಡಬಾರದು. ಹಾಗಾಗಿ ನಮ್ಮದು ಟ್ರೇಲರಿನ ಒಳಗೆ, ಮಂಚದ ಕೆಳಗಿದೆ.

ಎರಡನೆಯದು ಸಣ್ಣದು. ಉರಿ ಹತ್ತುವುದು, ಐದು ನಿಮಿಷಕ್ಕೆ ಆರುವುದು, ಮತ್ತೆ ಹತ್ತುವುದು. ಜಾಸ್ತಿ ಬಿಸಿಯಾದರೆ ಗ್ಯಾಸ್ ನಿಲ್ಲಿಸುವ ಲಿಮಿಟ್ ಸ್ವಿಚ್ ತನ್ನ ಕೆಲಸ ಮಾಡುತ್ತಿತ್ತು. ಕಾರಣ, ಫರ್ನೇಸ್ ಗಾಳಿ ಎಳೆದುಕೊಳ್ಳುವ ಜಾಲರಿಯ ಮುಂದೆ ಯಾರೋ 20 ಪೌಂಡಿನ ಸೋನಾ ಮಸೂರಿ ಚೀಲ ಇಟ್ಟಿದ್ದರು. ತೆಗೆದೆವು, ಸರಿಹೋಯಿತು. ಬಿಸಿಗಾಳಿ ಬರುವ ಕಿಂಡಿಗಳನ್ನು ಸುಮ್ನೆ ಮುಚ್ಚಿಟ್ಟರೂ ಇದೇ ಗತಿ.

ಮೂರನೆಯದು ನನಗೆ ತುಂಬ ಬೇಸರ ತಂದಿತು. ಬೇಸಿಗೆಯಿಡೀ ನಿಂತಿದ್ದ ಟ್ರೇಲರನ್ನು ಸೆಪ್ಟೆಂಬರಿನಲ್ಲಿ ತೆಗೆದೆವು. ಫ್ಯಾನ್ ಜೋರಾಗಿದೆ, ಟಕ್ ಇದೆ, ಟಿಕ್ ಟಿಕ್ ಇದೆ, ಭುಸ್ ಎಂದು ಹತ್ತುತ್ತೆ, ಎರಡೇ ಸೆಕೆಂಡಿಗೆ ಆರಿಹೋಗುತ್ತೆ. ಹೀಗೆ ಮೂರು ಸಲ ಆದ ಮೇಲೆ ಬೋರ್ಡ್ ತಾನೇ ಲಾಕ್ ಆಗುತ್ತೆ. ಒಂದು ಸರ್ವಿಸ್ ಅಂಗಡಿಗೆ ಒಯ್ದೆ. ಹತ್ತು ನಿಮಿಷ ನೋಡಿ "ಬೋರ್ಡ್ ಹೋಗಿದೆ, 480 ಡಾಲರ್" ಅಂದರು. ಹೊರಗಿನ ಕೊಳವೆಯ ಕಡೆ ಯಾರೂ ತಲೆ ಹಾಕಲಿಲ್ಲ.

ಮನೆಗೆ ತಂದು, ಗ್ಯಾಸ್ ಬಂದ್ ಮಾಡಿ, ಬ್ಯಾಟರಿ ಕಳಚಿ, ಹೊರಗೋಡೆಯ ಮುಚ್ಚಳ ತೆಗೆದೆ. ಅಲ್ಲಿ ಎರಡು ಕೊಳವೆ ಇವೆ. ಒಂದು ಉರಿಗೆ ಗಾಳಿ ಒಳಗೆ ಬರಲು, ಇನ್ನೊಂದು ಸುಟ್ಟ ಹೊಗೆ ಹೊರಗೆ ಹೋಗಲು. ಟಾರ್ಚ್ ಬಿಟ್ಟರೆ ಹೊಗೆ ಕೊಳವೆಯೊಳಗೆ ಹೆಬ್ಬೆರಳು ಗಾತ್ರದ ಮಣ್ಣಿನ ಗೂಡು! ನಮ್ಮ ಹಳ್ಳಿ ಮನೆಗಳಲ್ಲಿ ಕಡಜ ಬೀಗದ ತೂತಿನಲ್ಲಿ, ಕಿಟಕಿಯ ಸಂದಿಯಲ್ಲಿ ಕಟ್ಟುತ್ತದಲ್ಲ, ಥೇಟ್ ಅದೇ. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿದೆ, ಅಂಗೈ ಮೇಲೆ ಎರಡು ಹೋಳಾಯಿತು. ಒಳಗೆ ಆರು ಪುಟ್ಟ ಜೇಡಗಳು, ಕಾಲು ಮಡಚಿಕೊಂಡು, ಒಂದರ ಪಕ್ಕ ಒಂದು. ಮರಿಗಳ ಊಟಕ್ಕೆ ಅಂತ ಕಡಜ ತುಂಬಿಟ್ಟಿದ್ದು. ಮಗಳು ಅದನ್ನು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಸ್ಕೂಲಿಗೆ ಒಯ್ದಳು. ಕೊಳವೆ ಚೊಕ್ಕ ಮಾಡಿ, ಕಿಡಿ ಕೊಡುವ ಕಡ್ಡಿಯನ್ನು ನಯವಾದ ಸ್ಯಾಂಡ್ ಪೇಪರಿನಲ್ಲಿ ಒರೆಸಿ ಹಾಕಿದೆ. ಉರಿ ಇದೆಯೋ ಇಲ್ಲವೋ ಅಂತ ಬೋರ್ಡಿಗೆ ತಿಳಿಸುವುದೂ ಅದೇ ಕಡ್ಡಿ. ಆವತ್ತಿನಿಂದ ಇವತ್ತಿನವರೆಗೆ ಹಳೆಯ ಬೋರ್ಡೇ ಓಡುತ್ತಿದೆ.

ಇದು ಬರೀ ದುಡ್ಡಿನ ಮಾತಲ್ಲ. ಹೊಗೆ ಕೊಳವೆ ಕಟ್ಟಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಆಗುವ ಅಪಾಯ ಇದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ದಯವಿಟ್ಟು ಅದನ್ನು ಪತ್ತೆಹಚ್ಚುವ ಅಲಾರಂ ಇಲ್ಲದೆ ಟ್ರೇಲರಿನಲ್ಲಿ ಮಲಗಬೇಡಿ. ಇದ್ದರೂ ಹಿಂದೆ ಅಚ್ಚಾಗಿರುವ ತಾರೀಖು ನೋಡಿ, ಆ ಅಲಾರಂಗೂ ಆಯಸ್ಸು ಅಂತ ಇದೆ. ಫರ್ನೇಸ್ ಕೆಟ್ಟಿದೆ ಅಂತ ಅಡುಗೆ ಒಲೆ ಹಚ್ಚಿಟ್ಟು ಚಳಿ ಕಾಯಿಸಲೂ ಬೇಡಿ. ಗ್ಯಾಸ್ ಸೋರುವುದನ್ನು ಹಿಡಿಯುವ ಅಲಾರಂ ನೆಲದ ಹತ್ತಿರ ಯಾಕಿರುತ್ತೆ ಗೊತ್ತಾ? ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೆ ಇಳಿದು ನಿಲ್ಲುತ್ತೆ. ಅದರ ಮುಂದೆ ಚಪ್ಪಲಿ ರಾಶಿ ಹಾಕಬಾರದು.

ನಾಲ್ಕನೆಯ ಸಲ ತೊಂದರೆ ಇದ್ದದ್ದು ರೆಗ್ಯುಲೇಟರಿನಲ್ಲಿ. ಎಸ್ಟೆಸ್ ಪಾರ್ಕ್ ಎಂಬ ಬೆಟ್ಟದೂರಿನ ಹತ್ತಿರ, ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಬೆಳಗು. ಕಿಡಿ ಬರುತ್ತೆ, ಉರಿ ಇಲ್ಲ. ಒಲೆ ಹಚ್ಚಿ ನೋಡಿದರೆ ಮೂರೂ ಬರ್ನರಿನ ಜ್ವಾಲೆ ಸಣ್ಣಗೆ ಕುಣಿಯುತ್ತಿತ್ತು. ಅಲ್ಲಿಗೆ ತೊಂದರೆ ಗ್ಯಾಸಿನ ಕಡೆ ಅಂತ ಖಾತ್ರಿಯಾಯಿತು. ಅವತ್ತು ಬೆಳಗ್ಗೆಯೇ ಗಂಟು ಕಟ್ಟಿ ಮನೆಗೆ ಬಂದೆವು. ಈ ಉಪಕರಣಗಳಿಗೆ ಬೇಕಾದ ಗ್ಯಾಸಿನ ಒತ್ತಡ 11 ಇಂಚು ಎತ್ತರದ ನೀರು ಒತ್ತುವಷ್ಟು. ಗ್ಯಾಸ್ ಕೆಲಸ ಗೊತ್ತಿರುವವರನ್ನು ಕರೆಸಿ ಅಳೆಸಿದೆ, ತೀರಾ ಕಮ್ಮಿ ಇತ್ತು. ಹೊಸ ರೆಗ್ಯುಲೇಟರ್ ಹಾಕಿ, ಸೋಪಿನ ನೀರು ಬಳಿದು ಗುಳ್ಳೆ ಏಳುತ್ತಾ ನೋಡಿದರು. ಒತ್ತಡದ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ, ನೀವೂ ಹಾಕಬೇಡಿ.

ಅಷ್ಟು ಚಳಿಯಲ್ಲಿ ಸಿಲಿಂಡರಿನೊಳಗೇ ಗ್ಯಾಸ್ ಹೆಪ್ಪುಗಟ್ಟಿತಾ ಅಂತ ಊರಿನಿಂದ ಭಾವ ಕೇಳಿದರು. ಇಲ್ಲ. ಅಲ್ಲಿ ನಮ್ಮ ಮನೆಗಳಿಗೆ ಬರುವ 14.2 ಕೆಜಿಯ ಕೆಂಪು ಸಿಲಿಂಡರಿನಲ್ಲಿ ಬ್ಯೂಟೇನ್ ಬೆರೆತಿರುತ್ತೆ, ಅದು ಸೊನ್ನೆಯ ಆಸುಪಾಸಿನಲ್ಲೇ ಆವಿಯಾಗುವುದನ್ನು ಬಿಡುತ್ತೆ. ಇಲ್ಲಿ ಟ್ರೇಲರಿಗೆ ತುಂಬುವುದು ಹೆಚ್ಚುಕಮ್ಮಿ ಪೂರ್ತಿ ಪ್ರೊಪೇನ್. ಅದು ಮೈನಸ್ 42 ಡಿಗ್ರಿಯವರೆಗೂ ಆವಿಯಾಗುತ್ತಲೇ ಇರುತ್ತೆ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಿಲ್ಲಿಸದೆ ಉರಿದರೆ 20 ಪೌಂಡಿನ ಸಿಲಿಂಡರ್, ಅಂದರೆ ಸುಮಾರು 9 ಕೆಜಿ, 14 ಗಂಟೆ ಬರುತ್ತೆ. ಆದರೆ ಇದು ಉರಿದು ಆರಿ ನಡೆಯುವ ಯಂತ್ರ. ರಾತ್ರಿ ಥರ್ಮೋಸ್ಟಾಟ್ 16 ಡಿಗ್ರಿಗೆ ಇಟ್ಟು ಮಲಗಿದರೆ ನಮಗೆ ಒಂದು ಸಿಲಿಂಡರ್ ಮೂರು ರಾತ್ರಿ ದಾಟುತ್ತೆ. ತೀರಾ ಚಳಿ ಇದ್ದರೆ ಎರಡೇ.

ಮೆಚ್ಚಿದ್ದು: ಹತ್ತು ನಿಮಿಷದಲ್ಲಿ ಇಡೀ ಟ್ರೇಲರ್ ಬೆಚ್ಚಗಾಗುತ್ತೆ, ಸುಟ್ಟ ಹೊಗೆ ಒಳಗಿನ ಗಾಳಿಗೆ ಸೇರದೆ ಹೊರಗೇ ಹೋಗುತ್ತೆ, ಒದ್ದೆ ಬಟ್ಟೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತೆ. ಮೆಚ್ಚದ್ದು ಫ್ಯಾನಿನ ಸದ್ದು. ನಡುರಾತ್ರಿ ಪ್ರತಿ ಸಲ ಶುರುವಾದಾಗ ನನ್ನ ಹೆಂಡತಿಗೆ ಎಚ್ಚರವಾಗುತ್ತೆ. ಬ್ಯಾಟರಿ ತಿನ್ನುವುದೂ ಜಾಸ್ತಿ. ಈ ವರ್ಷ ಫ್ಯಾನ್ ಮೋಟಾರಿನ ಬೇರಿಂಗ್ ಕಿರ್ ಅನ್ನಲು ಶುರುಮಾಡಿದೆ. ಫರ್ನೇಸಿನದೇ ಅನ್ನಬಹುದಾದ ಮೊದಲ ತಕರಾರು ಇದು, ಬರುವ ಚಳಿಗಾಲಕ್ಕೆ ಮುಂಚೆ ಮೋಟಾರ್ ಬದಲಿಸುತ್ತೇನೆ. ಐದಕ್ಕೆ ನಾಲ್ಕು ಕೊಡುತ್ತೇನೆ.

ಸೆಕೆಂಡ್ ಹ್ಯಾಂಡ್ ಟ್ರೇಲರ್ ನೋಡಲು ಹೋಗುವವರಿಗೆ ಒಂದು ಮಾತು. ಮಾರುವವರು ಸಾಮಾನ್ಯವಾಗಿ ಮನೆಯ ಕರೆಂಟಿಗೆ ಸಿಕ್ಕಿಸಿ ಫರ್ನೇಸ್ ಹಾಕಿ ತೋರಿಸುತ್ತಾರೆ. ಆ ವೈರ್ ತೆಗೆಸಿ, ಬರೀ ಬ್ಯಾಟರಿಯ ಮೇಲೆ ಹಾಕಿಸಿ. ಮೊದಲು ಒಲೆ ಹಚ್ಚಿಸಿ, ಪೈಪಿನಲ್ಲಿರುವ ಗಾಳಿ ಹೋಗಲಿ. ಆಮೇಲೆ ಥರ್ಮೋಸ್ಟಾಟ್ ತಿರುಗಿಸಿ, ಹೊರಗಿನ ಕೊಳವೆಯ ಹತ್ತಿರ ಸ್ವಲ್ಪ ಪಕ್ಕಕ್ಕೆ ನಿಂತು ಆ ಭುಸ್ ಬರುವವರೆಗೆ ಕಾಯಿರಿ. ಬಂದ ಮೇಲೂ ಕಾಲು ಗಂಟೆ ಉರಿಯಲು ಬಿಡಿ. ಆಮೇಲೆ ಬೆಲೆ ಮಾತಾಡಿ.