ಡನ್‌ವೆಗನ್ ಕೋಟೆ: ಇಂದಿಗೂ ಕಟ್ಟಿದವರ ಮನೆ

ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿರುವ ಡನ್‌ವೆಗನ್ ಕೋಟೆಯನ್ನು ಹೊರಗಿನಿಂದಷ್ಟೇ ನೋಡಿದವರಿಗೆ ತುಸು ನಿರಾಸೆಯಾದೀತು. ನೆಲದೊಳಕ್ಕೆ ಚಾಚಿದ ಕಡಲಿನ ಅಂಚಿನಲ್ಲಿ, ಕಡಿದಾದ ಬಂಡೆಯ ಮೇಲೆ ಅದು ನಿಂತಿರುವ ಜಾಗವೇನೋ ಭವ್ಯವಾಗಿದೆ. ಆದರೆ ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಭಾಗಗಳಿಗೆಲ್ಲ 19ನೆಯ ಶತಮಾನದಲ್ಲಿ ಒಂದೇ ಬಗೆಯ ಕೋಟೆತೆನೆಗಳನ್ನೂ ಪುಟ್ಟ ಗೋಪುರಗಳನ್ನೂ ತೊಡಿಸಿರುವುದರಿಂದ ಕಟ್ಟಡದ ನಿಜವಾದ ವಯಸ್ಸು ಕಣ್ಣಿಗೆ ಬೀಳುವುದಿಲ್ಲ. ವಯಸ್ಸು ತಿಳಿಯಬೇಕಾದರೆ ಕಡಲಿನ ಕಡೆಯ ಬಾಗಿಲನ್ನು ನೋಡಬೇಕು. 1748ರವರೆಗೆ ಕೋಟೆಗೆ ಇದ್ದ ದಾರಿ ಅದೊಂದೇ.

ಮ್ಯಾಕ್‌ಲೌಡ್ ಮನೆತನದವರು ಸುಮಾರು ಎಂಟುನೂರು ವರ್ಷಗಳಿಂದ ಇದರ ಒಡೆಯರು. ಒಳಗಿರುವ ವಸ್ತುಗಳ ಸೊಗಸೂ ಇದರಿಂದಲೇ ಬಂದದ್ದು: ಅವು ಎಲ್ಲಿಂದಲೋ ಕೊಂಡು ತಂದವಲ್ಲ, ಮನೆಯಲ್ಲೇ ಉಳಿದುಬಂದವು. ಬೆಳ್ಳಿಯ ಅಂಚು ಕಟ್ಟಿದ ಎತ್ತಿನ ಕೊಂಬೊಂದಿದೆ; ಪಟ್ಟಕ್ಕೆ ಬರುವ ಪ್ರತಿಯೊಬ್ಬ ನಾಯಕನೂ ಅದರ ತುಂಬ ಕೆಂಪು ದ್ರಾಕ್ಷಾರಸವನ್ನು ಸುರಿದುಕೊಂಡು ಒಂದೇ ಉಸಿರಿಗೆ ಕುಡಿದು ಮುಗಿಸಬೇಕೆಂಬುದು ಕುಲದ ಕಟ್ಟಳೆ. ಐರ್ಲೆಂಡಿನಿಂದ ಬಂದ, 1493ರ ಬೆಳ್ಳಿ ಕೆಲಸವಿರುವ ಮರದ ಬಟ್ಟಲೂ ಇಲ್ಲಿದೆ.

ಇವೆಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಗಾಜಿನ ಹಿಂದಿರುವ 'ಯಕ್ಷಿಣಿಯ ಬಾವುಟ'. ಬಾವುಟವೆಂದರೆ ಮನಸ್ಸಿಗೆ ಬರುವ ಬಣ್ಣವಾಗಲಿ ಲಾಂಛನವಾಗಲಿ ಇದರಲ್ಲಿಲ್ಲ. ಇರುವುದು ಕಂದು ತಿರುಗಿದ, ತೂತು ಬಿದ್ದ ತೆಳು ರೇಷ್ಮೆಯ ಒಂದು ತುಂಡು. ಹತ್ತಿರದಿಂದ ನೋಡಿದರೆ ಯಾರೋ ಬಹಳ ಜತನದಿಂದ ರಫೂ ಮಾಡಿದ ಗುರುತುಗಳು ಕಾಣುತ್ತವೆ. ಬಟ್ಟೆ ಮೂಲದಲ್ಲಿ ಪೂರ್ವದೇಶಗಳದ್ದೆಂದು ತಜ್ಞರು ಹೇಳಿದರೂ, ಅದು ಯಕ್ಷಿಣಿಯೊಬ್ಬಳು ಕೊಟ್ಟ ಕಾಣಿಕೆ, ಸಂಕಟದಲ್ಲಿ ಬಿಚ್ಚಿದರೆ ಮೂರು ಬಾರಿ ಕಾಯುತ್ತದೆ, ಎರಡು ಬಾರಿ ಈಗಾಗಲೇ ಕಾದಿದೆ ಎಂಬ ಕಥೆಯನ್ನು ಮನೆತನ ಬಿಟ್ಟುಕೊಟ್ಟಿಲ್ಲ. ಬಿಟ್ಟುಕೊಡದಿರುವುದೇ ನನಗೆ ಹಿಡಿಸಿತು.

ಕನ್ನಡಿಗರು ಇಲ್ಲಿ ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಹೋಗಬೇಕು. 1773ರಲ್ಲಿ ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಮತ್ತು ಅವನ ಜೀವನಚರಿತ್ರೆ ಬರೆದ ಬಾಸ್ವೆಲ್ ಈ ಕೋಟೆಗೆ ಬಂದಾಗ ಅವರನ್ನು ಸತ್ಕರಿಸಿದ ತರುಣ ನಾಯಕ ನಾರ್ಮನ್ ಮ್ಯಾಕ್‌ಲೌಡ್, ಮುಂದೆ ಎರಡನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾನಿಯಾಗಿ 1782ರಲ್ಲಿ ಕೇರಳದ ಪೊನ್ನಾನಿಯಲ್ಲಿ ಟಿಪ್ಪುವನ್ನು ಎದುರಿಸಿದ. ಮರುವರ್ಷದ ಕೊನೆಗೆ, ಟಿಪ್ಪುವಿನ ಸೇನೆ ಸುತ್ತುವರಿದಿದ್ದ ಮಂಗಳೂರಿನ ಕಡಲಿಗೆ ಹಡಗುಗಳೊಂದಿಗೆ ಬಂದವನೂ ಅವನೇ. ಇದನ್ನು ತಿಳಿದು ನೋಡಿದರೆ ಗೋಡೆಗಳ ಮೇಲಿನ ಪೂರ್ವಜರ ಭಾವಚಿತ್ರಗಳ ಸಾಲು ಅಷ್ಟೊಂದು ದೂರದ್ದೆನಿಸುವುದಿಲ್ಲ.

ಮನೆತನದ ಒಡೆತನಕ್ಕೆ ಇನ್ನೊಂದು ಮುಖವೂ ಇದೆ. 2000ದಲ್ಲಿ ಸೋರುವ ಛಾವಣಿಯ ದುರಸ್ತಿಗೆ ಹಣ ಹೊಂದಿಸಲು ಆಗಿನ ನಾಯಕರು ಇದೇ ದ್ವೀಪದ ಕುಯಿಲಿನ್ ಪರ್ವತಸಾಲನ್ನೇ ಒಂದು ಕೋಟಿ ಪೌಂಡಿಗೆ ಮಾರಾಟಕ್ಕಿಟ್ಟರು. ಪರ್ವತ ಇವರದ್ದೆಂದು ಹೇಳಿದವರಾರು ಎಂದು ಜನ ಕೆರಳಿದರು, ಮಾರಾಟ ನಡೆಯಲಿಲ್ಲ. ಇಂಥ ಕಟ್ಟಡವನ್ನು ಉಳಿಸಿಕೊಳ್ಳುವ ಖರ್ಚು ಎಷ್ಟೆಂಬುದು ಇದರಿಂದ ತಿಳಿಯುತ್ತದೆ; ಟಿಕೆಟ್ಟಿನ ಹಣ ಕೊಡುವಾಗ ನಾನು ಗೊಣಗಲಿಲ್ಲ.

ತೆರೆದ ಕೋಣೆಗಳು ಹೆಚ್ಚಿಲ್ಲ, ಬೇಗ ಮುಗಿಯುತ್ತವೆ. ಆದ್ದರಿಂದ ತೋಟಗಳಿಗೆ ಸಮಯ ಉಳಿಸಿಕೊಳ್ಳಿ: ಮರಗಳೇ ಅಪರೂಪವಾದ ದ್ವೀಪದಲ್ಲಿ, ಜಲಪಾತದ ಪಕ್ಕದ ದಟ್ಟ ಹಸಿರು ಅಚ್ಚರಿ ಹುಟ್ಟಿಸುತ್ತದೆ. ಸೀಲ್ ಎಂಬ ಕಡಲಪ್ರಾಣಿಗಳನ್ನು ತೋರಿಸುವ ಪುಟ್ಟ ದೋಣಿಗಳಿಗೆ ಪ್ರತ್ಯೇಕ ಶುಲ್ಕವಿದೆ. ಚಳಿಗಾಲದಲ್ಲಿ ಕೋಟೆ ಸಾರ್ವಜನಿಕರಿಗೆ ಮುಚ್ಚಿರುತ್ತದೆ. ಏಪ್ರಿಲ್‌ನಿಂದ ಅಕ್ಟೋಬರ್ ನಡುವೆಯೇ ಹೋಗಬೇಕು, ಮಳೆಯಂಗಿಯನ್ನು ಆಗಲೂ ಮರೆಯುವಂತಿಲ್ಲ.