ಮಕ್ಕಳಿಗೆ ಗ್ರಹ ತೋರಿಸಲು ತಂದ 70 ಎಂಎಂ ಟೆಲಿಸ್ಕೋಪ್: ಎರಡು ವರ್ಷ ಬಳಸಿದ ಮೇಲೆ

2023ರ ನವೆಂಬರ್‌ನಲ್ಲಿ ಮಗಳ ಏಳನೇ ಹುಟ್ಟುಹಬ್ಬಕ್ಕೆ ತರಿಸಿದ್ದು. 70 ಎಂಎಂ ಅಗಲದ ಲೆನ್ಸ್, 700 ಎಂಎಂ ಫೋಕಲ್ ಲೆಂತ್ (ಲೆನ್ಸಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರ), ಆಗಿನ ಬೆಲೆ ಆರು ಸಾವಿರದ ಆಸುಪಾಸು. ಈಗಲೂ ಬಳಸುತ್ತಿದ್ದೇವೆ. ಆದರೆ ಡಬ್ಬದ ಮೇಲಿನ ಮಾತನ್ನು ನಂಬಿಕೊಂಡಿದ್ದರೆ ಮೊದಲ ವಾರವೇ ಅಟ್ಟ ಸೇರುತ್ತಿತ್ತು.

525 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ. ಲೆಕ್ಕವೇನೋ ಸುಳ್ಳಲ್ಲ, ಫೋಕಲ್ ಲೆಂತನ್ನು ಐಪೀಸಿನ (ಕಣ್ಣಿಟ್ಟು ನೋಡುವ ಪುಟ್ಟ ಲೆನ್ಸು) ಎಂಎಂನಿಂದ ಭಾಗಿಸಬೇಕು; 4 ಎಂಎಂ ಐಪೀಸಿಗೆ 3 ಪಟ್ಟಿನ ಬಾರ್ಲೋ (ಇನ್ನಷ್ಟು ಹಿಗ್ಗಿಸುವ ಲೆನ್ಸು) ಸೇರಿಸಿದರೆ ಅಷ್ಟೇ ಬರುತ್ತದೆ. ಕಾಣುವುದು ಮಾತ್ರ ಮಬ್ಬು ಮುದ್ದೆ. ಇಷ್ಟು ಸಣ್ಣ ಲೆನ್ಸಿಗೆ 140 ಪಟ್ಟು ದಾಟಿದರೆ ಏನೂ ಉಪಯೋಗವಿಲ್ಲ. ನಾವು 20 ಮತ್ತು 10 ಎಂಎಂ ಐಪೀಸ್ ಎರಡನ್ನೇ ಬಳಸುವುದು, ಅಂದರೆ 35 ಮತ್ತು 70 ಪಟ್ಟು. ಅದೇ ಸಾಕು.

ಮೊದಲ ರಾತ್ರಿ ಗುರು ಗ್ರಹ ತೋರಿಸಿದೆ. ಮಗಳು ನೋಡಿ "ಇಷ್ಟೇನಾ?" ಅಂದಳು. ಪುಸ್ತಕದ ಬಣ್ಣದ ಚಿತ್ರ ನೋಡಿದವಳಿಗೆ ಪುಟ್ಟ ಬಿಳಿ ಬಿಲ್ಲೆ, ಪಕ್ಕದಲ್ಲಿ ನಾಲ್ಕು ಚುಕ್ಕಿ, ಬೇಜಾರಾಗದೆ ಇರುತ್ತದಾ? ಆದರೆ ಮರುದಿನ ನೋಡಿದರೆ ಚುಕ್ಕಿಗಳು ಜಾಗ ಬದಲಿಸಿದ್ದವು, ಅದರ ಮರುದಿನ ಮೂರೇ ಇದ್ದವು, "ಒಂದು ಕಳೆದುಹೋಗಿದೆ" ಅಂತ ಕೆಳಗಿನವರೆಗೂ ಕೇಳುವಂತೆ ಕೂಗಿದಳು. ಅವತ್ತಿನಿಂದ ರಫ್ ನೋಟ್‌ಬುಕ್ಕಿನಲ್ಲಿ ದಿನಾ ಒಂದು ಗೆರೆ, ನಾಲ್ಕು ಚುಕ್ಕಿ. ಅವು ಗುರುವಿನ ಉಪಗ್ರಹಗಳು, ಒಳಗಿನ ಅಯೋ ಎರಡು ದಿನದೊಳಗೆ ಒಂದು ಸುತ್ತು ಮುಗಿಸುತ್ತದೆ, 1610ರ ಜನವರಿಯಲ್ಲಿ ಗೆಲಿಲಿಯೋ ಕೂಡ ಹೀಗೇ ಚುಕ್ಕಿ ಹಾಕಿಕೊಂಡಿದ್ದ ಅಂತ ಒಂದು ವಾರ ಬಿಟ್ಟೇ ಹೇಳಿದೆ. ಮೊದಲೇ ಹೇಳಿದ್ದರೆ ಮಜಾ ಹೋಗುತ್ತಿತ್ತು.

ಶನಿಯದ್ದು ಬೇರೆ ಕಥೆ. ನಮ್ಮಮ್ಮ "ಶನಿಯನ್ನು ಯಾರಾದರೂ ಹುಡುಕಿಕೊಂಡು ಹೋಗಿ ನೋಡುತ್ತಾರೇನೋ" ಅಂತ ಮಹಡಿಗೇ ಬರಲಿಲ್ಲ. ಆದರೆ ಶನಿ ಒಂದು ರಾಶಿಯಲ್ಲಿ ಎರಡೂವರೆ ವರ್ಷ ಇರುತ್ತಾನೆ ಅಂತ ಮೊಮ್ಮಗಳಿಗೆ ಹೇಳಿದವರು ಅವರೇ. ಹನ್ನೆರಡು ರಾಶಿಗೆ ಗುಣಿಸಿ ಮೂವತ್ತು ಅಂದಳು ಮಗಳು. ಸೂರ್ಯನ ಸುತ್ತ ಶನಿಯ ಒಂದು ಸುತ್ತಿಗೆ ಸುಮಾರು 29.5 ವರ್ಷ! ಆಮೇಲೆ ಅಜ್ಜಿಯೂ ಬಂದು ಇಣುಕಿದರು, ಉಂಗುರ ನೋಡಿ ಐದು ನಿಮಿಷ ಜಾಗ ಬಿಡಲಿಲ್ಲ. 2025ರ ನವೆಂಬರ್‌ನಲ್ಲಿ ನೋಡಿದಾಗ ಆ ಉಂಗುರವೇ ಇಲ್ಲ, ಒಂದು ಸಣ್ಣ ಗೆರೆ ಅಷ್ಟೇ. ಟೆಲಿಸ್ಕೋಪ್ ಕೆಟ್ಟಿಲ್ಲ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಉಂಗುರದ ಅಂಚು ಮಾತ್ರ ನಮ್ಮ ಕಡೆ ತಿರುಗುತ್ತದೆ. ಹಪ್ಪಳ ಅಡ್ಡ ಹಿಡಿದು ತೋರಿಸಿದೆ, ಅರ್ಥವಾಯಿತು.

ಮಂಗಳ ಕಿತ್ತಳೆ ಚುಕ್ಕಿ, ನಿರೀಕ್ಷೆ ಬೇಡ. ಶುಕ್ರ ಚಂದ್ರನ ಹಾಗೆ ಬಾಗಿದ ಕುಡುಗೋಲಾಗಿ ಕಾಣುವ ದಿನಗಳಿರುತ್ತವೆ, ಬಿಡಬೇಡಿ. ಬುಧ ನಮಗೆ ಇನ್ನೂ ಸಿಕ್ಕಿಲ್ಲ.

ಈಗ ದೂರುಗಳು. ಸ್ಟ್ಯಾಂಡ್ ಪುಳ್ಳೆ ಕಡ್ಡಿ. ಮಗು ಮುಟ್ಟಿದರೆ ಸಾಕು, ಗ್ರಹ ಮಾಯ. ನಡುವೆ ಐದು ಕೆಜಿ ಅಕ್ಕಿ ಚೀಲ ನೇತುಹಾಕಿದ ಮೇಲೆ ಪರವಾಗಿಲ್ಲ. ಅಲುಗಾಡದಿದ್ದರೂ ಭೂಮಿ ತಿರುಗುವುದರಿಂದ ಎರಡು ಮೂರು ನಿಮಿಷದಲ್ಲಿ ಗ್ರಹ ಅಂಚಿಗೆ ಜಾರುತ್ತದೆ, ಸರತಿಯಲ್ಲಿ ನಿಂತ ಪಕ್ಕದ ಮನೆ ಮಕ್ಕಳಿಗೆ ಮತ್ತೆ ಮತ್ತೆ ಹೊಂದಿಸಿ ಕೊಡಬೇಕು. ಫೈಂಡರ್ (ಗ್ರಹದ ಕಡೆ ಗುರಿ ಹಿಡಿಯಲು ಮೇಲೆ ಕೂರಿಸಿದ ಪುಟ್ಟ ದುರ್ಬೀನು) ಸ್ಕ್ರೂ ಆರೇ ತಿಂಗಳಿಗೆ ಮುರಿಯಿತು, ಮಾರಿದವರು ಮೂರು ಮೇಲ್‌ಗೂ ಉತ್ತರ ಕೊಡಲಿಲ್ಲ. ನಮ್ಮ ಶಿವಮೊಗ್ಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮೋಡ, ಆ ನಾಲ್ಕು ತಿಂಗಳು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡಿ, ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಸೂರ್ಯನನ್ನು ನೋಡಲು ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಗಾಜು ಸೆಟ್‌ನಲ್ಲಿ ಬಂದಿತ್ತು. ಬಿಸಿಗೆ ಅದು ಒಡೆದರೆ ಕಣ್ಣೇ ಹೋಗುತ್ತದೆ, ನಿಮ್ಮದರಲ್ಲೂ ಇದ್ದರೆ ಅವತ್ತೇ ಎಸೆಯಿರಿ.

ಆರು ವರ್ಷದೊಳಗಿನ ಮಕ್ಕಳಿಗೆ ಇದನ್ನು ತರಬೇಡಿ. ನಮ್ಮ ಚಿಕ್ಕವನಿಗೆ ಐದು. ಒಂದು ಕಣ್ಣು ಮುಚ್ಚೋ ಅಂದರೆ ಎರಡೂ ಮುಚ್ಚಿಕೊಂಡು "ಕಾಣ್ತಾ ಇದೆ" ಅನ್ನುತ್ತಾನೆ.