ಕುಶಾಲನಗರದ ಕಡೆ ಹೊಳೆಬದಿ ಸೈಟು ತಗೊಳ್ಳುವವರು ಇದನ್ನು ಓದಿ

ಕುಶಾಲನಗರದ ಸುತ್ತಮುತ್ತ ಕಾವೇರಿ ದಡದಲ್ಲಿ ಸೈಟು ನೋಡ್ತಿದ್ದೀರಾ? ಅಡ್ವಾನ್ಸ್ ಕೊಡಬೇಡಿ. ಕನ್ವರ್ಷನ್ (ಭೂಪರಿವರ್ತನೆ) ಆಗಿದೆ ಅಂದರೂ ಕೊಡಬೇಡಿ. ಆದೇಶದ ಎಲ್ಲ ಪುಟ ಕೈಗೆ ಬರುವವರೆಗೆ ಒಂದು ರೂಪಾಯಿಯೂ ಬೇಡ.

ನಮಗೆ ಬ್ರೋಕರ್ ಸೈಟು ತೋರಿಸಿದ್ದು ಬೇಸಿಗೆಯಲ್ಲಿ. ಹೊಳೆ ಎಲ್ಲೋ ಕೆಳಗೆ, ಬಂಡೆಗಳೆಲ್ಲ ಕಾಣುತ್ತಿದ್ದವು. ಆದರೂ ನಾನು ಬಾಯಿಬಿಟ್ಟು ಕೇಳಿದೆ, ಮಳೆಗಾಲದಲ್ಲಿ ಇಲ್ಲಿಗೆ ನೀರು ಬರುತ್ತಾ ಅಂತ. "ಇಲ್ಲ ಅಕ್ಕಾ, ಈ ಕಡೆ ಬರುವುದೇ ಇಲ್ಲ" ಅಂದ. ಕನ್ವರ್ಷನ್ ಆದೇಶದ ಜೆರಾಕ್ಸ್ ಕೊಟ್ಟ. ಮೊದಲ ಪುಟ ಮಾತ್ರ. 2 ಲಕ್ಷ ಅಡ್ವಾನ್ಸ್ ತಗೊಂಡ.

ಲೋನಿಗೆ ಹಾಕಿದಾಗ ಬ್ಯಾಂಕಿನ ವಕೀಲರು ಪೂರ್ತಿ ಆದೇಶ ಕೇಳಿದರು. ಇವನು ಇವತ್ತು ನಾಳೆ ಅಂದ. ಕೊನೆಗೆ ನಾವೇ ಅರ್ಜಿ ಹಾಕಿ ನಕಲು ತೆಗೆಸಿದೆವು. ಅವನು ಕೊಡದ ಪುಟದಲ್ಲಿ ಷರತ್ತು ಇತ್ತು, ಹೊಳೆಯ ಅಂಚಿನಲ್ಲಿ ಜಾಗ ಖಾಲಿ ಬಿಡಬೇಕು, ಅಲ್ಲಿ ಏನೂ ಕಟ್ಟಬಾರದು. ನಮ್ಮ ಸೈಟಿನ ಮುಕ್ಕಾಲು ಪಾಲು ಆ ಖಾಲಿ ಜಾಗದಲ್ಲೇ! ವಕೀಲರ ಮುಂದೆ ಕೂತು ಅದನ್ನು ಓದುವಾಗ ನನಗೆ ಮುಖ ಎತ್ತಲಾಗಲಿಲ್ಲ. ಆ ಪುಟ ಅವನ ಹತ್ತಿರ ಇತ್ತು. ಗೊತ್ತಿದ್ದೇ ಕೊಟ್ಟಿರಲಿಲ್ಲ. ಗೊತ್ತಿದ್ದೇ.

ಫೋನ್ ಮಾಡಿದರೆ "ಅದೆಲ್ಲ ಕಾಗದದಲ್ಲಿ ಇರುತ್ತೆ ಅಕ್ಕಾ, ಟೇಪು ಹಿಡಿದು ಯಾರು ಅಳೀತಾರೆ?" ಅಂದ. ಪ್ರವಾಹ ಬಂದರೆ? "2018ರಲ್ಲಿ ಒಂದು ಸಲ ಬಂತು ಅಷ್ಟೇ." ಹಾಗಾದರೆ 2019ರಲ್ಲಿ ಬಂದದ್ದೇನು ಅಂದೆ. ಸುಮ್ಮನಾದ. ಆಮೇಲೆ "ನಾಲ್ಕು ಲೋಡು ಮಣ್ಣು ಹಾಕಿಸಿ ಎತ್ತರ ಮಾಡಿ" ಅಂತ ಉಪಾಯ ಹೇಳಿದ. ಆಗ ನೀರು ಪಕ್ಕದ ಮನೆಗೆ ನುಗ್ಗಲ್ವಾ? "ಅದು ಅವರ ಪಾಡು." ನಮ್ಮ ಕೊಡಗಿನ ಕರಡಿಗೋಡು, ಗುಹ್ಯದಲ್ಲಿ 2019ರಲ್ಲಿ ಹೊಳೆಬದಿಯವರು ಮನೆ ಕಳೆದುಕೊಂಡದ್ದನ್ನು ಇಡೀ ಜಿಲ್ಲೆ ನೋಡಿದೆ, ಅದೇ ಜಿಲ್ಲೆಯಲ್ಲಿ ಕೂತು ಹೀಗೆ ಮಾತಾಡ್ತಾನೆ!

ಕನ್ವರ್ಷನ್ ಅಂದರೆ ಕೃಷಿ ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ಒಪ್ಪಿಗೆ, ಅಷ್ಟೇ. ಮನೆ ಕಟ್ಟಲು ಲೈಸೆನ್ಸ್ ಬೇರೆಯೇ ಬೇಕು. ಜಾಗದಲ್ಲಿ ನಿಂತು ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿ, ಬ್ರೋಕರ್ ಇಲ್ಲದಾಗ ಅಕ್ಕಪಕ್ಕದವರನ್ನು ಕೇಳಿ, ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಒಮ್ಮೆ ಹೋಗಿ ಬನ್ನಿ.

ನಮ್ಮ ದುಡ್ಡು ಇನ್ನೂ ಬಂದಿಲ್ಲ. ಕೇಳಿದರೆ "ಬೇರೆ ಪಾರ್ಟಿ ಬಂದ ಕೂಡಲೇ ಕೊಡ್ತೇನೆ" ಅಂತಾನೆ. ಅಂದರೆ ಅದೇ ಸೈಟನ್ನು, ಅದೇ ಮೊದಲ ಪುಟವನ್ನು ಈಗ ಇನ್ಯಾರಿಗೋ ತೋರಿಸುತ್ತಿದ್ದಾನೆ.